ಮಂಡಿ

ಪಾಲಿಬೆಟ್ಟ ದಾಟಿ, ಆನೆಕಂದಕ ದಾಟಿ
ಬಂದರೆ ನಮ್ಮ ತೋಟದ ಕಣ.
ಅಲ್ಲಿ ದಿನಾ ಸಂಜೆ ನಾಲ್ಕೂವರೆಗೆ
ನಾನು ತೂಗುತ್ತಿದ್ದೆ. ರೈಟರ್ ಇನಾಸಪ್ಪ.
ಕಿವಿಯ ಸಂದಿಯಲ್ಲಿ ಪೆನ್ಸಿಲು, ಇಪ್ಪತ್ತಮೂರು ಕೊಯ್ಲು.

ಕೊಕ್ಕೆಗೆ ಗೋಣಿ ಸಿಕ್ಕಿಸಿದಾಗ
ಅದರಡಿಗೆ ಮೆಲ್ಲಗೆ ನನ್ನ ಮಂಡಿ.
ಅಷ್ಟೇ. ತಕ್ಕಡಿಯ ಮುಳ್ಳು
ನಾಚಿದಂತೆ ಹಿಂದೆ ಸರಿಯುವುದು:
ಐವತ್ತಕ್ಕೆ ನಲವತ್ತೆಂಟು.
ಆ ಎರಡೆರಡು ಕಿಲೋ ಕೂಡಿಟ್ಟು
ಹಾಜರಿ ಪುಸ್ತಕದಲ್ಲೊಬ್ಬಳನ್ನು ಹೆತ್ತೆ:
ಲೂರ್ದಮ್ಮ, ಏಳನೇ ಲೈನು.
ನಮ್ಮಲ್ಲಿ ಲೈನು ಇರುವುದೇ ಆರು.
ಏಳನೆಯದರ ಜಾಗದಲ್ಲಿ ಒಂದು ಹಲಸಿನ ಮರ.
ಶನಿವಾರ ಶನಿವಾರ ಅವಳ ಬಟವಾಡೆಗೆ
ಹೆಬ್ಬೆಟ್ಟು ಒತ್ತಿದ್ದು ನನ್ನ ಎಡಗೈ.

ಅವಳ ದುಡ್ಡಲ್ಲೇ ಮನೆಗೆ ಹಂಚು ಹಾಕಿಸಿದೆ.
ದೇವಾಲಯದ ಗಂಟೆಯ ಹಗ್ಗಕ್ಕೂ ಕೊಟ್ಟೆ. ರಸೀದಿ ಇದೆ.

ಹೋದ ತಪಸ್ಸುಕಾಲದಲ್ಲಿ ಮಂಡಿ ಬಾತು
ಗೋಣಿಕೊಪ್ಪದ ಡಾಕ್ಟರು ಸೂಜಿ ಚುಚ್ಚಿ ನೀರು ತೆಗೆದರು.
ಆ ನೀರು ನೋಡಿದವನೇ ನೆಟ್ಟಗೆ
ಬಸ್ಸು ಹಿಡಿದು ಪಾಪನಿವೇದನೆಗೆ ಹೋದೆ.
ಜಾಲರಿಯ ಆಚೆ ಫಾದರ್ ಕೆಮ್ಮುತ್ತಿದ್ದರು.
ಎಲ್ಲ ಹೇಳಿದೆ, ಲೂರ್ದಮ್ಮನ ವಯಸ್ಸು ಸಹಿತ.
ಕಿಲೋ ಲೆಕ್ಕ ಬರೆದ ಚೀಟಿಯನ್ನು
ಜಾಲರಿಯ ತೂತಿನಲ್ಲಿ ತೂರಿಸಹೋದೆ.
ಬೇಡ ಅಂದರು.
"ಮೂರು ನಮೋ ಮರಿಯಾ ಹೇಳಿ.
ಅವರದ್ದು ಅವರಿಗೆ ಮುಟ್ಟಿಸಿ. ಸಮಾಧಾನದಿಂದ ಹೋಗಿ."

ಮೂರೇ?
ಸಿಟ್ಟು ಬಂತು, ಸುಳ್ಳೇಕೆ.
ಇಪ್ಪತ್ತಮೂರು ವರ್ಷದ ಸರಕಿಗೆ
ಯಾವ ಮಂಡಿಯಲ್ಲಿ ಈ ರೇಟು?
ತೂಗದೆ ಕೊಂಡವನ ಮೇಲೆ
ತೂಗಿಯೇ ಬದುಕಿದವನಿಗೆ ಎಂಥ ಅನುಮಾನ!
ಬರಿಗಾಲಲ್ಲಿ ಬೆಟ್ಟ ಹತ್ತು ಅಂದಿದ್ದರೆ
ಊದಿದ ಮಂಡಿಯಲ್ಲೇ ಹತ್ತಿ, ಬೆವರು ತೋರಿಸಿ,
ಚುಕ್ತಾ ಅಂತ ಬರೆಸಿಕೊಂಡು ಇಳಿಯುತ್ತಿದ್ದೆ.

ಮರುದಿನ ಕವರು ಹಿಡಿದು ಲೈನಿಗೆ ಹೋದೆ.
ಜ್ಞಾನಮ್ಮ ಬೂದಿ ಹಚ್ಚಿ ಮತ್ತಿಮೀನು ಉಜ್ಜುತ್ತಿದ್ದಳು.
ಪೂರ್ತಿ ಕೇಳಿಸಿಕೊಂಡು, ಕೈ ಸೆರಗಿಗೆ ಒರಸಿ,
ನೋಟು ಎಣಿಸಿದಳು. ಎರಡು ಸಲ.
"ನೂರು ಕಮ್ಮಿ ಉಂಟು ರೈಟರೇ."
ಕೊಟ್ಟೆ.
"ನಿಮ್ಮ ಮಂಡಿ ನಮಗೆಲ್ಲ ಗೊತ್ತಿತ್ತು.
ಸಣ್ಣ ಮಗು ತೀರಿಹೋದ ವರ್ಷ
ನಿಮಗೆ ಶಾಪ ಹಾಕಲಿಕ್ಕೇ ಕೂತೆ. ಬಾಯಿ ಏಳಲಿಲ್ಲ.
ಆವತ್ತೇ ಬಿಟ್ಟುಬಿಟ್ಟೆ."
ಎಂಥದ್ದು ಬಿಟ್ಟೆ?
"ನಿಮ್ಮನ್ನ. ಇದು ದುಡ್ಡು,
ಇದಕ್ಕೆ ಲೆಕ್ಕ ಉಂಟು."
ಮೀನಿನ ಕಡೆ ತಿರುಗಿದಳು.

ಹನ್ನೊಂದು ವರ್ಷ.
ಅವಳ ಗೋಣಿಗೆ ಸಂಜೆ ಸಂಜೆ ಮಂಡಿ ಕೊಡುತ್ತ
ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತವನು
ಹನ್ನೊಂದು ವರ್ಷದಿಂದ
ಬಿಡುಗಡೆಯಾಗಿದ್ದೆ, ತನಗೇ ಸುದ್ದಿಯಿಲ್ಲದೆ.

ಆ ರಾತ್ರಿ ಎರಡು ಗಂಟೆಗೆ ಹೂಮಳೆ.
ಎಂಟು ದಿನದಿಂದ ಧಣಿ ಕೆರೆಗೆ ಪಂಪಿಟ್ಟು
ಡೀಸೆಲು ಸುಟ್ಟು, ಗಿಡಗಿಡಕ್ಕೂ ಹನಿಸುತ್ತಿದ್ದರು.
ಈಗ ನೋಡಿದರೆ ಅವರ ತೋಟಕ್ಕೂ,
ವ್ಯಾಜ್ಯದಲ್ಲಿ ಪಾಳು ಬಿದ್ದ ಪಕ್ಕದ ಹಕ್ಕಲಿಗೂ,
ಏಳನೇ ಲೈನಿನ ಹಲಸಿಗೂ ಒಂದೇ ಸಮ.

ಹಾಸಿಗೆಯಿಂದೆದ್ದು ಮಂಡಿಯೂರಲು ನೋಡಿದೆ,
ಬಗ್ಗಲಿಲ್ಲ. ಕೂತೇ ಶುರುಮಾಡಿದೆ.
ನಮೋ ಮರಿಯಾ, ವರಪ್ರಸಾದಪೂರ್ಣೆ...
ಬಾಯಿಪಾಠದ ಮಾತು; ಐವತ್ತೆಂಟು ವರ್ಷ
ಅದರ ಮೇಲೇ ನಡೆದು ಹೋಗಿದ್ದೆ,
ಪ್ರಸಾದ ಎಂಬಲ್ಲಿ ಒಮ್ಮೆಯೂ ನಿಂತಿರಲಿಲ್ಲ.
ಎರಡಾಯಿತೋ ನಾಲ್ಕಾಯಿತೋ.

ಹೊರಗೆ ಪಂಪು ನಿಲ್ಲಿಸುವುದನ್ನು ಯಾರೋ ಮರೆತಿದ್ದರು.
ಅಷ್ಟು ಮಳೆಯೊಳಗೆ ಅದು
ತನ್ನ ಪಾಡಿಗೆ ಗುಡುಗುಡು ಎನ್ನುತ್ತ
ನೀರು ಚಿಮ್ಮುತ್ತಲೇ ಇತ್ತು.